ತೊಟ್ಟಿಕೊಳ

ಬಳಕೆ ತಪ್ಪಿದ ಸ್ನಾನದ ಟಬ್ಬು, ದನಕ್ಕೆ ನೀರು ಕುಡಿಸುತ್ತಿದ್ದ ಕಲ್ಲುದೋಣಿ, ಸಿಮೆಂಟಿನ ಹೌದ ಮುಂತಾದವುಗಳಲ್ಲಿ ಮಣ್ಣು, ನೀರು, ಜಲಸಸ್ಯ, ಮೀನು ಕೂಡಿಸಿ ಹಿತ್ತಲಲ್ಲೋ ಅಂಗಳದಲ್ಲೋ ಮಾಡಿಕೊಳ್ಳುವ ಸಣ್ಣ ಕೊಳಕ್ಕೆ ತೊಟ್ಟಿಕೊಳ ಎನ್ನಬಹುದು. ಸಾಮಾನ್ಯವಾಗಿ 100ರಿಂದ 500 ಲೀಟರ್ ನೀರು ಹಿಡಿಯುತ್ತದೆ. ಬಳಕೆಯ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆಯಬೇಕು. ತೊಟ್ಟಿಕೊಳವನ್ನು ಹಾಗೆ ಬರಿದು ಮಾಡಬಾರದು. ಅದರೊಳಗೆ ಸೂಕ್ಷ್ಮಜೀವಿ, ಗಿಡ, ಹುಳ, ಮೀನು ಒಂದಕ್ಕೊಂದು ಹೊಂದಿಕೊಳ್ಳಲು ತಿಂಗಳುಗಳು ಬೇಕಾಗುತ್ತವೆ. ಆ ಹೊಂದಿಕೆ ಇದ್ದರೆ ಅದು ಕೊಳ, ಇಲ್ಲದಿದ್ದರೆ ಸೊಳ್ಳೆಯ ತವರು. ತೊಟ್ಟಿಕೊಳ ಮಾಡುವ ಕೆಲಸವೆಲ್ಲ ಈ ಒಂದು ಮಾತಿನ ಸುತ್ತ ಇದೆ.

ಕೃಷ್ಣಾ ತೀರದ ಒಣ ಸೀಮೆಯಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ತೆಲಂಗಾಣದ ನಾರಾಯಣಪೇಟ ಜಿಲ್ಲೆಯ ನಾರ್ವ, ಮಕ್ತಲ್, ಪಕ್ಕದ ಜೋಗುಳಾಂಬ ಗದ್ವಾಲ ಜಿಲ್ಲೆಯ ಗದ್ವಾಲ ಇವೆಲ್ಲ ಕರ್ನಾಟಕದ ರಾಯಚೂರು, ಯಾದಗಿರಿ ಕಡೆಯ ನೆಲಕ್ಕೆ ಹೊಂದಿಕೊಂಡ ಊರುಗಳು. ಗದ್ವಾಲ, ಆಲಂಪುರ ತಾಲೂಕುಗಳು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದವು. ಜುರಾಲಾ ಅಣೆಕಟ್ಟಿನ ಹಿನ್ನೀರು ಹತ್ತಿರದಲ್ಲೇ ಇದ್ದರೂ ಮಳೆ ಕಡಿಮೆ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್ ಹೊತ್ತಿಗೆ ಸಣ್ಣ ಕುಂಟೆಗಳೆಲ್ಲ ಬಿರುಕು ಬಿಟ್ಟ ಕೆಸರಾಗುತ್ತವೆ. ಆಗ ಹಿತ್ತಲಿನ ಒಂದು ತೊಟ್ಟಿ ನೀರು ಗುಬ್ಬಿ, ಅಳಿಲು, ಜೇನುನೊಣಗಳಿಗೆ ದೊಡ್ಡ ಆಸರೆ.

ದೋಣಿ, ಬಾನಿ, ಹೌದ

ನೀರಿನ ಪಾತ್ರೆಗೆ ಈ ಗಡಿಸೀಮೆಯಲ್ಲಿ ಹೆಸರು ಹಲವು. ಕಲ್ಲಿನಲ್ಲಿ ಉದ್ದಕ್ಕೆ ಕೊರೆದದ್ದು ದೋಣಿ, ಬಾಯಿ ಅಗಲವಾದದ್ದು ಬಾನಿ, ಕಟ್ಟಿದ ತೊಟ್ಟಿ ಹೌದ. ಹೌದ ಎಂಬುದು ಅರಬ್ಬಿಯ ಹೌಜ್ ಉರ್ದುವಿನ ಮೂಲಕ ಬಂದು ಕನ್ನಡವಾದದ್ದು. ತೆಲುಗಿನವರು ಮಣ್ಣಿನ, ಸಿಮೆಂಟಿನ ದೊಡ್ಡ ಬಾನಿಗೆ ಗೋಲೆಂ ಎನ್ನುತ್ತಾರೆ. ತೊಟ್ಟಿ ಮಾತ್ರ ಎರಡೂ ಭಾಷೆಗೆ ಸಮಾನ. ಗ್ರಾನೈಟ್ ನೆಲದ ಈ ಭಾಗದಲ್ಲಿ ಕಲ್ಲುದೋಣಿ ಎತ್ತು ಎಮ್ಮೆಗಳ ನಿತ್ಯದ ಪಾತ್ರೆಯಾಗಿತ್ತು; ಟ್ರ್ಯಾಕ್ಟರ್ ಬಂದು ದನ ಕಡಿಮೆಯಾದ ಮೇಲೆ ಎಷ್ಟೋ ದೋಣಿಗಳು ಗೋಡೆಯ ಬದಿಗೆ ಸರಿದವು. ಹಂಪಿಯ ಅವಶೇಷಗಳ ನಡುವೆ ಒಂದೇ ಕಲ್ಲಿನಲ್ಲಿ ಕೊರೆದ ಬಹು ಉದ್ದದ ದೋಣಿ ಇಂದಿಗೂ ಇದೆ.

ಎನಾಮಲ್ ಹಿಡಿಸಿದ ಸ್ನಾನದ ಟಬ್ಬಿಗೂ ಇಂಥ ದೋಣಿಗೂ ನಂಟಿದೆ ಎಂಬುದು ಗಮನಿಸತಕ್ಕ ಸಂಗತಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬೇಸಾಯದ ಸಲಕರಣೆ ಮಾಡುತ್ತಿದ್ದ ಜಾನ್ ಮೈಕೆಲ್ ಕೋಹ್ಲರ್ 1883ರಲ್ಲಿ ಸಾಕುಪ್ರಾಣಿಗಳಿಗಾಗಿ ಮಾಡಿದ್ದ ಬೀಡುಕಬ್ಬಿಣದ ತೊಟ್ಟಿಯನ್ನು ಕಾಯಿಸಿ, ಎನಾಮಲ್ ಪುಡಿ ಹಿಡಿಸಿ, ನಾಲ್ಕು ಕಾಲು ಕೊಟ್ಟು ಸ್ನಾನದ ತೊಟ್ಟಿಯಾಗಿ ಮಾರಿದ. ಹೀಗೆ ಕೊಟ್ಟಿಗೆಯಿಂದ ಬಚ್ಚಲಿಗೆ ಹೋದ ಪಾತ್ರೆ, ಕೊಳವಾಗಿ ಮತ್ತೆ ಹಿತ್ತಲಿಗೆ ಮರಳುತ್ತದೆ. ಬಾನಿಯಲ್ಲಿ ಹೂ ಮತ್ತು ಮೀನು ಸಾಕುವ ರೂಢಿ ಏಷ್ಯಾದಲ್ಲಿ ಹಳೆಯದು. ಥಾಯ್ಲೆಂಡಿನ ಮನೆಗಳ ಮುಂದೆ ನೈದಿಲೆಯ ಗುಡಾಣಗಳಿರುತ್ತವೆ. ಹಳೆಯ ಬೀಜಿಂಗಿನ ಅಂಗಳದ ಮನೆಗಳಲ್ಲಿ ಚಿನ್ನದ ಮೀನಿನ ಬಾನಿಗಳಿರುತ್ತಿದ್ದವು.

ಪಾತ್ರೆ

ನಾರ್ವದಂಥ ಊರಿನಲ್ಲಿ ಸ್ನಾನದ ಟಬ್ಬು ಮನೆಮನೆಯ ವಸ್ತುವಲ್ಲ. ಪಟ್ಟಣಗಳಲ್ಲಿ ಹಳೆಯ ಬಂಗಲೆ, ಲಾಡ್ಜುಗಳನ್ನು ಒಡೆದು ಕಟ್ಟುವಾಗ ಅವು ಗುಜರಿಗೆ ಬರುತ್ತವೆ. ಸಾಮಾನ್ಯ ಟಬ್ಬು 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂಕಾಲು ಅಡಿ ಆಳ ಇರುತ್ತದೆ. 150ರಿಂದ 200 ಲೀಟರ್ ಹಿಡಿಯುತ್ತದೆ. ಬೀಡುಕಬ್ಬಿಣದ್ದು ಬರಿದಾಗಿದ್ದಾಗಲೇ ಒಂದು ಕ್ವಿಂಟಲ್ ಮೀರುತ್ತದೆ, ನಾಲ್ಕು ಆಳು ಬೇಕು; ಆದರೆ ತಲೆಮಾರು ಬಾಳುತ್ತದೆ. ಎನಾಮಲ್ ಚಕ್ಕೆ ಎದ್ದ ಕಡೆ ಮಾತ್ರ ತುಕ್ಕು ಹಿಡಿಯುವುದರಿಂದ ಅಲ್ಲಿ ಉಜ್ಜಿ, ವಿಷವಿಲ್ಲದ ಎಪಾಕ್ಸಿ ಬಳಿಯಬೇಕು. ಫೈಬರ್ ಟಬ್ಬು ಹಗುರ, ಆದರೆ ನೆಲದ ಮೇಲೆ ಆಸರೆಯಿಲ್ಲದೆ ಇಟ್ಟರೆ ನೀರಿನ ಭಾರಕ್ಕೆ ಬದಿಗಳು ಉಬ್ಬುತ್ತವೆ. ಟಬ್ಬಿನ ಒಳಮೈಯಲ್ಲಿ ಸೋಪಿನ ಜಿಡ್ಡು, ಆಸಿಡ್, ಫಿನೈಲಿನ ಅಂಶ ಉಳಿಯದಂತೆ ಉಪ್ಪು ಹಾಕಿ ತಿಕ್ಕಿ, ಹಲವು ಸಲ ನೀರು ಬದಲಿಸಬೇಕು.

ಟಬ್ಬು ಸಿಗದ ಕಡೆ ಕಲ್ಲುದೋಣಿಯೇ ಮೇಲು. ಹೊಸ ಸಿಮೆಂಟ್ ಹೌದವಾದರೆ ಸುಣ್ಣದಂಶ ಬಿಟ್ಟು ನೀರು ಕ್ಷಾರವಾಗುತ್ತದೆ, ಮೀನು ಸಾಯುತ್ತದೆ. ಇಂಥ ಹೌದದಲ್ಲಿ ಬಾಳೆದಿಂಡಿನ ತುಂಡುಗಳನ್ನು ನೆನೆಹಾಕಿ, ಎರಡು ಮೂರು ವಾರ ಕೊಳೆಯಲು ಬಿಟ್ಟು, ಆಮೇಲೆ ತೊಳೆಯುವುದು ದಕ್ಷಿಣ ಭಾರತದ ಮೀನು ಸಾಕುವವರ ಪದ್ಧತಿ.

ಟಬ್ಬಿನ ತಳದಲ್ಲಿ ನೀರು ಹೋಗುವ ತೂತು, ತಲೆಯ ಬದಿಯಲ್ಲಿ ಹೆಚ್ಚಾದ ನೀರು ಹರಿಯುವ ತೂತು ಎಂದು ಎರಡಿರುತ್ತವೆ. ತಳದ್ದನ್ನು ಬಿರಡೆ ಹಾಕಿ, ಮೇಲೆ ಎಂ-ಸೀಲ್ ಅಥವಾ ಸಿಲಿಕೋನ್ ತುಂಬಿ, ಒಂದು ದಿನ ಒಣಗಲು ಬಿಡಬೇಕು. ಮೇಲಿನ ತೂತನ್ನು ಮುಚ್ಚಬಾರದು. ಜೂನ್ ತಿಂಗಳ ಒಂದೇ ಬಿರುಮಳೆಗೆ ಟಬ್ಬು ತುಂಬಿ ಚೆಲ್ಲುವಾಗ ಮೀನುಗಳು ಅಂಚಿನಿಂದ ಕೊಚ್ಚಿಹೋಗದೆ ಉಳಿಯುವುದು ಈ ತೂತಿಗೆ ಕಟ್ಟಿದ ಸೊಳ್ಳೆಪರದೆಯ ತುಂಡಿನಿಂದ.

ಜಾಗ ಮತ್ತು ನೆಲ

ನೈದಿಲೆ ಹೂ ಬಿಡಲು ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು; ಮೀನು ಬದುಕಲು ಮಧ್ಯಾಹ್ನ ನೆರಳು ಬೇಕು. ಮನೆಯ ಮೂಡಣ ಗೋಡೆಯ ಬದಿ ಎರಡಕ್ಕೂ ಒಪ್ಪುತ್ತದೆ, ಏಕೆಂದರೆ ಹೊತ್ತು ಇಳಿದ ಮೇಲೆ ಗೋಡೆಯೇ ನೆರಳು ಕೊಡುತ್ತದೆ. ಬೇವು, ಹುಣಸೆಯ ಅಡಿ ಇಡಬಾರದು. ಹುಣಸೆಯ ಸಣ್ಣ ಎಲೆ ಉದುರಿ ತಳದಲ್ಲಿ ಕೊಳೆತರೆ ನೀರು ಕಪ್ಪಾಗಿ ನಾರುತ್ತದೆ. ತುಂಬಿದ ಟಬ್ಬು ಮಣ್ಣು, ಕಲ್ಲು ಸೇರಿ ಮೂರು ನಾಲ್ಕು ಕ್ವಿಂಟಲ್ ತೂಗುವುದರಿಂದ ಮಣ್ಣಿನ ಮಾಳಿಗೆಯ ಮೇಲೆ ಇಡುವ ಮಾತೇ ಇಲ್ಲ.

ಟಬ್ಬನ್ನು ಅಂಚಿನವರೆಗೆ ನೆಲದಲ್ಲಿ ಹೂಳಿದರೆ ನೀರು ತಂಪಾಗಿರುತ್ತದೆ. ಮಸಾರಿ ನೆಲದಲ್ಲಿ ಇದು ಸುಲಭ. ಎರೆಭೂಮಿಯಲ್ಲಿ ಎಚ್ಚರ ಬೇಕು: ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ನೇರವಾಗಿ ಅದರಲ್ಲಿ ಕೂರಿಸಿದ ಟಬ್ಬು ಒಂದು ವರ್ಷ ತಿರುಗುವುದರೊಳಗೆ ಒಂದು ಬದಿಗೆ ವಾಲುತ್ತದೆ. ಗುಂಡಿಯನ್ನು ಟಬ್ಬಿಗಿಂತ ಅರ್ಧ ಅಡಿ ಅಗಲವಾಗಿ ತೋಡಿ, ತಳಕ್ಕೂ ಸುತ್ತಲಿಗೂ ಮರಳು ಇಲ್ಲವೆ ಮೊರಂ ತುಂಬಿದರೆ ಎರೆಯ ಉಬ್ಬರ ಟಬ್ಬಿಗೆ ತಾಗುವುದಿಲ್ಲ. ಹೂಳದೆ ನೆಲದ ಮೇಲೇ ಇಡುವುದಾದರೆ ಸುತ್ತ ಕಲ್ಲು ಪೇರಿಸಿ ಮಣ್ಣು ಏರಿಸಬಹುದು. ಮಕ್ಕಳಿರುವ ಮನೆಗೆ ಈ ಎತ್ತರದ ಕ್ರಮವೇ ಸರಿ.

ಮಣ್ಣು ಮತ್ತು ನೀರು

ಕೊಳದ ಗಿಡಕ್ಕೆ ಕೆರೆಯ ಗೋಡುಮಣ್ಣಿಗಿಂತ ಒಳ್ಳೆಯದಿಲ್ಲ. ತೆಲಂಗಾಣದಲ್ಲಿ 2015ರಲ್ಲಿ ಆರಂಭವಾದ ಮಿಷನ್ ಕಾಕತೀಯ ಕಾರ್ಯಕ್ರಮದಡಿ ಕೆರೆಗಳ ಹೂಳು ತೆಗೆದು ಹೊಲಗಳಿಗೆ ಹೊಡೆಸಿದ ನೆನಪು ಈ ಭಾಗದ ರೈತರಿಗೆ ಹಸಿರಾಗಿದೆ. ಅದೇ ಮಣ್ಣನ್ನು ಒಣಗಿಸಿ, ಹೆಂಟೆ ಒಡೆದು ಬಳಸಬಹುದು. ತಿಪ್ಪೆಗೊಬ್ಬರ, ಹಸಿ ಸಗಣಿ ಹಾಕಬಾರದು. ಹೊಲಕ್ಕೆ ಅಮೃತವಾದದ್ದು ಇಲ್ಲಿ ಪಾಚಿಗೆ ಮೇವಾಗುತ್ತದೆ.

ಮಳೆನೀರು ಸಿಕ್ಕರೆ ಅದೇ ಮೊದಲ ಆಯ್ಕೆ. ಮಿಷನ್ ಭಗೀರಥ ಕುಡಿಯುವ ನೀರಿನ ಯೋಜನೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಕೊಡಗಳಲ್ಲಿ ಒಂದು ದಿನ ಬಿಸಿಲಿಗಿಟ್ಟು ಹಾಕಬೇಕು. ಕೊಳವೆಬಾವಿಯ ನೀರು ಈ ಗ್ರಾನೈಟ್ ಸೀಮೆಯಲ್ಲಿ ಬಹಳ ಕಡೆ ಗಡಸು, ಫ್ಲೋರೈಡೂ ಹೆಚ್ಚು. ಗಿಡ ಮೀನು ತಾಳಿಕೊಳ್ಳುತ್ತವೆ, ಆದರೆ ಬೇಸಿಗೆಯಲ್ಲಿ ಅದೇ ತೊಡಕಾಗುವ ಬಗೆಯನ್ನು ಮುಂದೆ ಹೇಳಿದೆ.

ನೀರು ತುಂಬಿದ ಎರಡನೆಯ ವಾರಕ್ಕೆ ಕೊಳ ಹಸಿರು ರಾಡಿಯಾಗುತ್ತದೆ. ಹೊಸಬರು ಗಾಬರಿಯಾಗಿ ನೀರು ಚೆಲ್ಲಿ ಮತ್ತೆ ತುಂಬುವುದು ಇಲ್ಲಿಯೇ. ಪ್ರತಿ ಸಲ ಹೊಸ ನೀರು ತುಂಬಿದಾಗಲೂ ಪಾಚಿಗೆ ಹೊಸ ಪೋಷಕಾಂಶ ಸಿಕ್ಕಿ ಕಥೆ ಮೊದಲಿನಿಂದ ಶುರುವಾಗುತ್ತದೆ. ಮೀನಿನ ಹೇಲು, ಕೊಳೆತ ಎಲೆಯಿಂದ ಬರುವ ಅಮೋನಿಯವನ್ನು ಕೆಲವು ಬ್ಯಾಕ್ಟೀರಿಯಾಗಳು ನೈಟ್ರೈಟಾಗಿ, ಬೇರೆ ಕೆಲವು ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ; ನೈಟ್ರೇಟನ್ನು ಗಿಡ ಉಣ್ಣುತ್ತದೆ. ಈ ಬ್ಯಾಕ್ಟೀರಿಯಾಗಳು ಟಬ್ಬಿನ ಗೋಡೆ, ಕಲ್ಲು, ಬೇರುಗಳ ಮೇಲೆ ನೆಲೆಯೂರಲು ಮೂರು ನಾಲ್ಕು ವಾರ ಬೇಕು. ಎಲೆಗಳು ನೀರಿನ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಮುಚ್ಚಿದ ಮೇಲೆ ರಾಡಿ ತಾನೇ ಇಳಿದು, ತಳದ ಕಲ್ಲು ಕಾಣತೊಡಗುತ್ತದೆ.

ಗಿಡಗಳು

ಟಬ್ಬಿನ ಅಳತೆಗೆ ಸರಿಯಾದ ಹೂ ನೈದಿಲೆ, ತೆಲುಗಿನ ಕಲುವ. ಹಗಲು ಅರಳುವ ನೀಲಿ ನೈದಿಲೆಯೂ, ಇರುಳು ಅರಳಿ ಹೊತ್ತೇರುತ್ತಲೇ ಮುಚ್ಚುವ ಬಿಳಿ ಕೆಂಪು ನೈದಿಲೆಯೂ ಈ ನಾಡಿನವೇ. ಒಂದು ಟಬ್ಬಿಗೆ ಒಂದೇ ಬುಡ ಸಾಕು. ಒಂದಡಿ ಅಗಲದ ಬೋಗುಣಿಯಲ್ಲಿ ಗೋಡುಮಣ್ಣು ತುಂಬಿ, ಗೆಡ್ಡೆ ಊರಿ, ಮಣ್ಣು ಎದ್ದು ಕದಡದಂತೆ ಮೇಲೆ ಒಂದು ಪದರ ಗರಸು ಹರವಬೇಕು. ಮೊದಲು ಇಟ್ಟಿಗೆಯ ಮೇಲೆ ಎತ್ತರಕ್ಕಿಟ್ಟು, ಎಲೆ ಬಲಿತಂತೆ ಇಟ್ಟಿಗೆ ತೆಗೆಯುತ್ತ ಕೆಳಗಿಳಿಸುವುದು ಕ್ರಮ. ಹೊಸ ಎಲೆ ಬರುವ ಬಗೆ ನೋಡುವಂಥದು: ಎರಡು ಅಂಚೂ ಒಳಕ್ಕೆ ಸುರುಳಿ ಸುತ್ತಿಕೊಂಡು, ಕಂದುಕೆಂಪು ಬಣ್ಣದ ಬಾಣದ ಮೊನೆಯಂತೆ ನೀರನ್ನು ಸೀಳಿಕೊಂಡು ಮೇಲೇರುತ್ತದೆ, ನೀರಿನ ಮಟ್ಟ ಮುಟ್ಟಿದ ಮೇಲೆಯೇ ಸುರುಳಿ ಬಿಚ್ಚಿ ಅಂಗೈಯಂತೆ ಹರಡಿಕೊಳ್ಳುತ್ತದೆ.

ತಾವರೆ ಕರ್ನಾಟಕದ ರಾಜ್ಯಪುಷ್ಪ, ದೇಶದ ರಾಷ್ಟ್ರಪುಷ್ಪವೂ ಹೌದು. ಇಡೀ ಟಬ್ಬನ್ನೇ ಕೇಳುವ ಗಿಡ ಇದು. ಇದನ್ನು ನೆಟ್ಟಲ್ಲಿ ನೈದಿಲೆಗೆ ಜಾಗವಿಲ್ಲ. ಬೀಜದ ಕರಿಯ ಚಿಪ್ಪು ಎಷ್ಟು ಬಿಗಿಯೆಂದರೆ ಹಾಗೇ ನೀರಿಗೆ ಹಾಕಿದರೆ ವರ್ಷಗಟ್ಟಲೆ ಮೊಳೆಯದೆ ಇದ್ದೀತು. ಕುಳಿ ಇರುವ ತುದಿಯನ್ನು ಒರಟು ಕಲ್ಲಿಗೆ ಉಜ್ಜಿ, ಕರಿಬಣ್ಣ ಹೋಗಿ ಒಳಗಿನ ಕೆನೆಬಣ್ಣ ಕಾಣಿಸಿದ ಕೂಡಲೇ ನಿಲ್ಲಿಸಿ, ಲೋಟದ ನೀರಿಗೆ ಹಾಕಿದರೆ ವಾರದೊಳಗೆ ಹಸಿರು ಮೊಳಕೆ ಬರುತ್ತದೆ. ಈಶಾನ್ಯ ಚೀನಾದ ಒಣಗಿದ ಕೆರೆಯಂಗಳದಲ್ಲಿ ಸಿಕ್ಕಿದ, ಸುಮಾರು 1,300 ವರ್ಷ ಹಳೆಯ ತಾವರೆ ಬೀಜವೊಂದು ಮೊಳೆತದ್ದನ್ನು ವಿಜ್ಞಾನಿಗಳು 1995ರಲ್ಲಿ ವರದಿ ಮಾಡಿದ್ದಾರೆ. ಆ ಆಯುಸ್ಸಿನ ಗುಟ್ಟಿನಲ್ಲಿ ಈ ಚಿಪ್ಪಿನ ಪಾಲು ದೊಡ್ಡದು.

ನೀರಿನೊಳಗೆ ಹೈಡ್ರಿಲ್ಲಾದ ಒಂದು ಹಿಡಿ, ಅಂಚಿನ ಕುಂಡಗಳಲ್ಲಿ ಬಜೆ, ಒಂದೆಲಗ, ಹೊನಗೊನ್ನೆ ಇದ್ದರೆ ಸಾಕು. ಕೊನೆಯ ಎರಡು ಅಡುಗೆಗೂ ಆದವು. ದನಕ್ಕೆ ಮೇವಾಗುವ ಅಜೋಲಾವನ್ನು ಇದೇ ಟಬ್ಬಿನಲ್ಲಿ ಬೆಳೆಸುವ ಆಸೆ ಸಹಜ. ಆದರೆ ಅದು ಕೆಲವೇ ದಿನಕ್ಕೆ ಇಮ್ಮಡಿಯಾಗಿ ಮೇಲೆಲ್ಲ ಚಾಪೆ ಹಾಸುತ್ತದೆ, ಕೆಳಗಿನ ಗಿಡಕ್ಕೆ ಬೆಳಕು ತಪ್ಪುತ್ತದೆ. ಅದಕ್ಕೆ ಬೇರೆ ಗುಂಡಿಯೇ ಬೇಕು. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳ ಉಸಿರು ಕಟ್ಟಿಸಿದ ನೇರಳೆ ಹೂವಿನ ಜಲಕುಂಭಿಯನ್ನು ಎಷ್ಟೇ ಚೆಂದ ಕಂಡರೂ ತರಬಾರದು.

ಸೊಳ್ಳೆ ಮತ್ತು ಮೀನು

ತೊಟ್ಟಿಯ ನೀರಿಗೂ ಸೊಳ್ಳೆಗೂ ಇರುವ ನಂಟನ್ನು ವಿಜ್ಞಾನ ಗಂಭೀರವಾಗಿ ಎಣಿಸುವ ಮೊದಲೇ ಅದು ಒಬ್ಬ ತರುಣ ವೈದ್ಯನ ಕಣ್ಣಿಗೆ ಬಿದ್ದದ್ದು ಬೆಂಗಳೂರಿನಲ್ಲಿ. ಕೋಹ್ಲರ್ ಟಬ್ಬು ಮಾಡಿದ ಅದೇ 1883ರಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್ ಬೆಂಗಳೂರಿನ ದಂಡಿನಲ್ಲಿದ್ದ. ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಮಿಜಿಗುಡುವುದನ್ನು ಕಂಡು ತೊಟ್ಟಿ ಮಗುಚಿದ. ಕೋಣೆಯ ಸೊಳ್ಳೆ ಕಡಿಮೆಯಾಯಿತು. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಆತ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡುಹಿಡಿದ. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇಂದು ತೊಟ್ಟಿಯ ಮುಖ್ಯ ಶತ್ರು ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ. ಅದು ಮೊಟ್ಟೆಯಿಡುವುದು ನೀರಿನ ಮೇಲಲ್ಲ, ನೀರಿನ ಗೆರೆಗಿಂತ ತುಸು ಮೇಲೆ, ತೇವವಿರುವ ಗೋಡೆಗೆ. ಕರಿಯ ಎಳ್ಳಿಗಿಂತ ಸಣ್ಣಗಿರುವ ಆ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನೀರು ಮತ್ತೆ ಅಲ್ಲಿಗೇರಿದಾಗ ಒಡೆದು, ಒಂದು ವಾರ ಹತ್ತು ದಿನಕ್ಕೆ ರೆಕ್ಕೆ ಬಂದು ಹಾರುತ್ತವೆ. ಬೇಸಿಗೆಯಲ್ಲಿ ಇಳಿದ ನೀರನ್ನು ಕೊಡದಿಂದ ತುಂಬಿಸಿಕೊಡುವ ತೊಟ್ಟಿಕೊಳ ಈ ಸೊಳ್ಳೆಗೆ ಹೇಳಿ ಮಾಡಿಸಿದಂತಿದೆ. ಆದ್ದರಿಂದ ನೀರು ತುಂಬುವ ಮೊದಲು ಬಿಟ್ಟುಹೋದ ಗೆರೆಯ ಸುತ್ತ ತೆಂಗಿನ ನಾರಿನಿಂದ ಗಟ್ಟಿಯಾಗಿ ತಿಕ್ಕಿ, ತಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಐದು ನಿಮಿಷದ ಈ ಕೆಲಸ ಬಿಟ್ಟವರು ಕೊಳ ಇಟ್ಟುಕೊಳ್ಳದಿರುವುದೇ ನೆರೆಹೊರೆಗೆ ಕ್ಷೇಮ.

ಉಳಿದದ್ದನ್ನು ಮೀನು ನೋಡಿಕೊಳ್ಳುತ್ತದೆ. ಕೊಳಕ್ಕೆ ಬ್ಯಾಕ್ಟೀರಿಯಾ ನೆಲೆಯೂರಲು ತಿಂಗಳು ಬೇಕು, ಸೊಳ್ಳೆಗೆ ಹತ್ತು ದಿನ ಸಾಕು. ಈ ತೊಡಕಿಗೆ ಪರಿಹಾರ, ನೀರು ತುಂಬಿದ ಮೂರು ನಾಲ್ಕು ದಿನಕ್ಕೆ ಐದಾರು ಗಪ್ಪಿಗಳನ್ನಷ್ಟೇ ಬಿಟ್ಟು, ಅವಕ್ಕೆ ಬೇರೆ ಆಹಾರ ಹಾಕದಿರುವುದು. ಹಸಿದ ಗಪ್ಪಿ ಸೊಳ್ಳೆಮರಿಯನ್ನು ಹುಡುಕಿ ತಿನ್ನುತ್ತದೆ. ಅಷ್ಟು ಕಡಿಮೆ ಮೀನಿನ ಅಮೋನಿಯವನ್ನು 150 ಲೀಟರ್ ನೀರು ತಾಳಿಕೊಳ್ಳುತ್ತದೆ. ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುವ ಮೀನಾದ್ದರಿಂದ ತಿಂಗಳೆರಡರಲ್ಲಿ ಸಂಸಾರ ತಾನೇ ಬೆಳೆಯುತ್ತದೆ. ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲಿ ಗಪ್ಪಿ ಬಿಟ್ಟು ಮಲೇರಿಯಾ ಸೊಳ್ಳೆಯ ಮರಿಗಳನ್ನು ತಗ್ಗಿಸಿದ ಅಧ್ಯಯನಗಳು ನಡೆದಿವೆ. 1928ರಲ್ಲಿ ಭಾರತಕ್ಕೆ ತಂದ ಗ್ಯಾಂಬೂಸಿಯಾ ಮೀನು ಇನ್ನೂ ಹೊಟ್ಟೆಬಾಕ, ಆದರೆ ಕಪ್ಪೆಮರಿ, ಇತರ ಮೀನಿನ ಮರಿಗಳನ್ನೂ ಬಿಡದು. ಹಿತ್ತಲಿಗೆ ಗಪ್ಪಿಯೇ ವಾಸಿ. ಚಿನ್ನದ ಮೀನಿಗೆ ಟಬ್ಬಿನ ನೀರು ಸಾಲದು. ಮೀನು ಬೇಡವೆನ್ನುವವರು ಸೊಳ್ಳೆಮರಿಯನ್ನು ಕೊಲ್ಲುವ ಬಿಟಿಐ ಬ್ಯಾಕ್ಟೀರಿಯಾದ ಪುಡಿ ಬಳಸಬಹುದು; 1976ರಲ್ಲಿ ಇಸ್ರೇಲಿನ ಮರುಭೂಮಿಯಲ್ಲಿ ಸಿಕ್ಕಿದ್ದು ಅದು. ಗಪ್ಪಿಯಾಗಲಿ ಗ್ಯಾಂಬೂಸಿಯಾ ಆಗಲಿ ಈ ನಾಡಿನವಲ್ಲವಾದ್ದರಿಂದ ಹೆಚ್ಚಾದ ಮರಿಗಳನ್ನು ಕೆರೆಗೆ, ಜುರಾಲಾ ಕಾಲುವೆಗೆ ಬಿಡಬಾರದು.

ವಾರಕ್ಕೊಮ್ಮೆ ಡ್ರೈ ಡೇ ಎಂದು ಮನೆಮನೆಗೆ ಬಂದು ನೀರಿನ ತೊಟ್ಟಿ ಮಗುಚಿಸುವ ಆಶಾ ಕಾರ್ಯಕರ್ತೆಯರಿಗೆ ಬ್ಯಾಟರಿ ಹಿಡಿದು ಮೀನು ತೋರಿಸಿದರೆ ತಕರಾರಿಗೆ ಎಡೆಯಿರುವುದಿಲ್ಲ. ಒಂದೇ ಒಂದು ಸೊಳ್ಳೆಮರಿ ಕಂಡರೂ ಅವರ ಮಾತೇ ಸರಿ.

ಬೇಸಿಗೆ

ಮೇ ತಿಂಗಳಲ್ಲಿ ಈ ಒಣ ಸೀಮೆಯ ತೆರೆದ ನೀರು ದಿನಕ್ಕೆ 8ರಿಂದ 10 ಮಿಲಿಮೀಟರ್ ಆವಿಯಾಗುತ್ತದೆ. ಅಂಚು ಬಿಟ್ಟರೆ ಟಬ್ಬಿನ ನೀರಿನ ಮೇಲ್ಮೈ ಒಂದು ಚದರ ಮೀಟರಿಗೆ ತುಸು ಕಡಿಮೆ. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಲೆಕ್ಕ ಹಾಕಿದರೆ ದಿನಕ್ಕೆ ಏಳೆಂಟು ಲೀಟರ್, ಅಂದರೆ ಅರ್ಧ ಕೊಡ ನೀರು ಹೋಗುತ್ತದೆ. ಸುಮಾರು 20 ದಿನಕ್ಕೆ ಟಬ್ಬಿನ ಪೂರ್ತಿ ನೀರಿನಷ್ಟು ಆವಿಯಾಗಿ, ಅಷ್ಟೇ ಹೊಸ ನೀರು ಸೇರಿರುತ್ತದೆ. ಆವಿಯಾಗುವುದು ನೀರು ಮಾತ್ರ. ಕೊಳವೆಬಾವಿಯ ಲವಣವೆಲ್ಲ ಒಳಗೇ ಉಳಿದು ಮೂರು ವಾರದಲ್ಲಿ ಇಮ್ಮಡಿಯಾಗುತ್ತದೆ. ಟಬ್ಬಿನ ಅಂಚಿಗೆ ಬಿಳಿ ಹಕ್ಕಳೆ ಕಟ್ಟುವುದು, ನೈದಿಲೆಯ ಎಲೆಯಂಚು ಸುಟ್ಟಂತಾಗುವುದು ಇದರ ಗುರುತು. ವಾರಕ್ಕೊಮ್ಮೆ ಎರಡು ಕೊಡ ಹಳೆಯ ನೀರು ತೆಗೆದು ಮಲ್ಲಿಗೆ, ಕರಿಬೇವಿನ ಬುಡಕ್ಕೆ ಹಾಕುವುದೇ ಮದ್ದು. ಮೀನಿನ ಸಾರ ಸೇರಿದ ಆ ನೀರಿಗೆ ಗಿಡ ಬೇಗ ಚಿಗುರುತ್ತದೆ.

ಬಿಸಿಯ ಕಷ್ಟ ಇನ್ನೊಂದು. 20 ಡಿಗ್ರಿಯ ಒಂದು ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 35 ಡಿಗ್ರಿಯದು 7ರ ಹತ್ತಿರ ಮಾತ್ರ ಹಿಡಿಯುತ್ತದೆ. ಇರುಳು ಗಿಡಗಳೂ ಆಮ್ಲಜನಕ ಬಳಸುವುದರಿಂದ ಕೊರತೆ ತೀವ್ರವಾಗುವುದು ನಸುಕಿನಲ್ಲಿ; ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಂತಿರುತ್ತವೆ. ಒಂದು ಚೊಂಬು ನೀರನ್ನು ಎತ್ತರದಿಂದ ನಾಲ್ಕಾರು ಸಲ ಸುರಿದರೆ ತಕ್ಷಣಕ್ಕೆ ಪಾರಾಗುತ್ತವೆ. ಹಗಲಿಗೆ ಮೇಲೆ ಹಸಿರು ನೆರಳುಬಲೆ ಕಟ್ಟಿ, ಟಬ್ಬಿನ ಹೊರಮೈಗೆ ನೆನೆಸಿದ ಗೋಣಿಚೀಲ ಸುತ್ತುವುದು ಈ ಭಾಗಕ್ಕೆ ಒಗ್ಗುವ ಉಪಾಯ.

ಅತಿಥಿಗಳು

ಕರೆಯದೆ ಬರುವವು ಬಹಳ. ಮೊದಲ ಮಳೆಗೆ ಕಪ್ಪೆ, ಅದರ ಹಿಂದೆ ಗೊದಮೊಟ್ಟೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೀಟ ಬಾಲದ ತುದಿಯನ್ನು ನೀರಿಗೆ ಅದ್ದಿ ಅದ್ದಿ ಮೊಟ್ಟೆಯಿಟ್ಟು ಹೋಗುತ್ತದೆ. ಅದರ ಮರಿಯೂ ಸೊಳ್ಳೆಮರಿಯ ಬೇಟೆಗಾರ. ಪಿಕಳಾರ, ಗೊರವಂಕ, ಹಿಂಡುಗಟ್ಟಿ ಬರುವ ಹರಟೆಮಲ್ಲ ಮಿಂದು ಹೋಗುತ್ತವೆ. ಮಿಂಚುಳ್ಳಿ, ಕೊಳಬಕ ಗಪ್ಪಿಯನ್ನು ಕಂಡು ಬಂದರೆ ಮೀನಿಗೆ ಅಡಗಲು ತಳದಲ್ಲಿ ಒಡೆದ ಮಡಕೆಯ ಚೂರುಗಳಿರಬೇಕು.

ಟಬ್ಬಿನ ಎನಾಮಲ್ ಗೋಡೆ ಬಲು ನುಣುಪು. ನೀರು ಕುಡಿಯಲು ಬಗ್ಗಿ ಬಿದ್ದ ಅಳಿಲು, ಓತಿಕ್ಯಾತ, ರೆಕ್ಕೆ ಬಲಿಯದ ಹಕ್ಕಿಮರಿ ಹತ್ತಲಾರದೆ ಸುತ್ತಿ ಸುತ್ತಿ ಸಾಯುತ್ತದೆ. ತಳದಿಂದ ಅಂಚಿನವರೆಗೆ ಓರೆಯಾಗಿ ಒಂದು ಒರಟು ಚಪ್ಪಡಿಯನ್ನೋ ಜಾಲಿಯ ಕೊರಡನ್ನೋ ಮೊದಲ ದಿನವೇ ಇಡುವುದು ಕಡ್ಡಾಯ. ಇದೇ ಚಪ್ಪಡಿಯ ನೀರು ತಾಗುವ ಅಂಚಿನಲ್ಲಿ ಜೇನುನೊಣಗಳು ಸಾಲುಗಟ್ಟಿ ಕೂತು ಕುಡಿಯುತ್ತವೆ. ಅಂಬೆಗಾಲಿಡುವ ಮಗುವಿಗೆ ಕೆಲವೇ ಅಂಗುಲ ನೀರೂ ಪ್ರಾಣಾಪಾಯ. ಅಂಥ ಮಗುವಿರುವ ಮನೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ, ಭಾರಕ್ಕೆ ಬಗ್ಗದ ಕಬ್ಬಿಣದ ಜಾಲರಿ ಬಿಗಿಸಬೇಕು; ನೈದಿಲೆಯ ಎಲೆಗಳು ಅದರ ಕಿಂಡಿಗಳಲ್ಲಿ ತೂರಿ ಮೇಲೆ ಬರುತ್ತವೆ.

ಎರಡು ಮೂರು ವರ್ಷಕ್ಕೊಮ್ಮೆ, ಮಳೆಗಾಲದ ಮೊದಲ ವಾರಗಳಲ್ಲಿ ಬೋಗುಣಿಯನ್ನು ಎತ್ತಿ ನೈದಿಲೆಯ ಗೆಡ್ಡೆ ಒಡೆಯಬೇಕು. ಮೀನನ್ನು ಅದೇ ಹಳೆಯ ನೀರಿನ ಕೊಡಕ್ಕೆ ತೆಗೆದು, ತಳದ ರಾಡಿಯ ಅರ್ಧವನ್ನಷ್ಟೇ ಬಾಚಿ ಹಾಕಿ, ಉಳಿದದ್ದನ್ನು ಹೊಸ ನೀರಿಗೆ ಹೆಪ್ಪಾಗಿ ಬಿಡುತ್ತಾರೆ. ಹೆಚ್ಚಾದ ಗೆಡ್ಡೆ ನೆರೆಮನೆಯ ದೋಣಿಗೆ ಹೋಗುತ್ತದೆ.